ಅಪರಿಚಿತರ ಕೈಯಿಂದ ಕೈಗೆ ಸಾಗುವ ಕೋಟು: ಸಮುದಾಯ ಕಲಾಯೋಜನೆಯೊಂದನ್ನು ಶುರು ಮಾಡಿ ಮುಗಿಸುವವರೆಗಿನ ಮಾರ್ಗದರ್ಶಿ

ಒಂದು ಖಾಲಿ ಕೋಟು. ಅದು ಒಬ್ಬರ ಮನೆಗೆ ಹೋಗುತ್ತದೆ, ಅವರು ಅದರ ಮೇಲೆ ಏನಾದರೂ ಹೊಲಿಯುತ್ತಾರೆ, ಬಣ್ಣ ಹಚ್ಚುತ್ತಾರೆ ಅಥವಾ ಬರೆಯುತ್ತಾರೆ. ಆಮೇಲೆ ತಮಗೆ ಗುರುತೇ ಇಲ್ಲದ ಇನ್ನೊಬ್ಬರಿಗೆ ಕಳಿಸುತ್ತಾರೆ. ಹೀಗೆ ಇಪ್ಪತ್ತು ಮೂವತ್ತು ಜನರ ಕೈ ದಾಟಿ ಕೋಟು ವಾಪಸ್ ಬಂದಾಗ ಅದು ಯಾರೊಬ್ಬರ ಕೃತಿಯೂ ಆಗಿರುವುದಿಲ್ಲ, ಎಲ್ಲರದೂ ಆಗಿರುತ್ತದೆ. ಯೋಚನೆ ಇಷ್ಟು ಸರಳ. ಹಾಗಾಗಿ ಶುರು ಮಾಡುವವರು ಬಹಳ, ಮುಗಿಸುವವರು ಕಡಿಮೆ.

ಕೋಟು ಚೆನ್ನಾಗಿಲ್ಲ, ಕಲೆ ಸಾಲದು ಎಂದು ಇಂಥ ಯೋಜನೆ ನಿಲ್ಲುವುದಿಲ್ಲ. ಅದು ನಿಲ್ಲುವುದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವಾಗ. ಯಾರದೋ ಕಪಾಟಿನಲ್ಲಿ ಕೋಟು ಉಳಿದುಬಿಡುತ್ತದೆ, ಮುಂದಿನವರ ವಿಳಾಸ ಸಿಗುವುದಿಲ್ಲ, ಅಂಚೆ ಖರ್ಚು ಯಾರದು ಎಂಬ ಗೊಂದಲದಲ್ಲಿ ತಿಂಗಳುಗಳು ಕಳೆಯುತ್ತವೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಕಸೂತಿ, ಬಣ್ಣಗಳಿಗಿಂತ ಹೆಚ್ಚು ಜಾಗವನ್ನು ಕೈ ದಾಟುವ ಆ ಘಳಿಗೆಗೆ ಕೊಟ್ಟಿದ್ದೇನೆ. ಅದನ್ನು ಸರಿಯಾಗಿ ಕಟ್ಟಿದರೆ ಉಳಿದದ್ದನ್ನು ಜನ ತಾವೇ ಚೆಂದ ಮಾಡುತ್ತಾರೆ.

ಮೊದಲು, ಹಿಂದೆ ಮಾಡಿದವರಿಂದ ಕಲಿಯಬೇಕಾದದ್ದು

ಇಂಥ ಕೆಲಸಕ್ಕೆ ಒಳ್ಳೆಯ ಪೂರ್ವಜರಿದ್ದಾರೆ. 1925ರ ಹೊತ್ತಿಗೆ ಪ್ಯಾರಿಸ್ಸಿನ ಸರ್ರಿಯಲಿಸ್ಟ್ ಕಲಾವಿದರು, ಅಂದರೆ ಕನಸು ಮತ್ತು ಸುಪ್ತ ಮನಸ್ಸಿನಿಂದ ಕಲೆ ಹುಟ್ಟಿಸಲು ಹೊರಟವರು, ಒಂದು ಆಟ ಆಡುತ್ತಿದ್ದರು. ಒಬ್ಬರು ಕಾಗದದ ಮೇಲೆ ಚಿತ್ರ ಬಿಡಿಸಿ, ಅಂಚು ಮಾತ್ರ ಕಾಣುವಂತೆ ಮಡಚಿ ಮುಂದಿನವರಿಗೆ ಕೊಡುವುದು. ಅವರು ಆ ಅಂಚಿನಿಂದ ಮುಂದುವರಿಸುವುದು. ಅಮೆರಿಕದ ರೇ ಜಾನ್ಸನ್ ಅಂಚೆಯನ್ನೇ ಕಲೆಯ ಮಾಧ್ಯಮ ಮಾಡಿಕೊಂಡರು. ಕಾಗದಕ್ಕೆ ಏನಾದರೂ ಸೇರಿಸಿ ಮುಂದೆ ಕಳಿಸಿ ಎಂದು ಕೇಳುವ ಅಭ್ಯಾಸ ಅವರಿಂದ ಬೆಳೆಯಿತು. 2000ದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರುವಾದ ಒಂದು ಯೋಜನೆಯಲ್ಲಿ ಸಾವಿರ ಖಾಲಿ ನೋಟ್‌ಬುಕ್ಕುಗಳನ್ನು ಅಪರಿಚಿತರ ನಡುವೆ ಬಿಟ್ಟರು. ಅವುಗಳಲ್ಲಿ ಹೆಚ್ಚಿನವು ತಿರುಗಿ ಬರಲೇ ಇಲ್ಲ. ಸಾವಿರ ಇದ್ದದ್ದರಿಂದ ಆ ಯೋಜನೆ ಅಷ್ಟು ನಷ್ಟವನ್ನು ತಡೆದುಕೊಂಡಿತು. ನಿಮ್ಮ ಬಳಿ ಇರುವುದು ಒಂದೇ ಕೋಟು.

ಬಟ್ಟೆಯ ವಿಷಯದಲ್ಲಿ ಎರಡು ಯೋಜನೆಗಳನ್ನು ಹತ್ತಿರದಿಂದ ನೋಡಬೇಕು. ಏಡ್ಸ್‌ನಿಂದ ತೀರಿಕೊಂಡವರ ನೆನಪಿಗೆ ಅಮೆರಿಕದಲ್ಲಿ 1987ರಲ್ಲಿ ಶುರುವಾದ ಏಡ್ಸ್ ಸ್ಮಾರಕ ಕೌದಿಯಲ್ಲಿ ಪ್ರತಿ ತುಂಡೂ 3 ಅಡಿ ಅಗಲ, 6 ಅಡಿ ಉದ್ದ. ಎಂಟು ತುಂಡು ಸೇರಿಸಿದರೆ 12 ಅಡಿ ಚದರದ ಒಂದು ಭಾಗ ಸಿದ್ಧ. ಅಳತೆ ಒಂದೇ ಇದ್ದದ್ದರಿಂದ, ಒಬ್ಬರಿಗೊಬ್ಬರು ಗುರುತಿಲ್ಲದ ಸಾವಿರಾರು ಜನ ತಮ್ಮ ತಮ್ಮ ಮನೆಯಲ್ಲಿ ಹೊಲಿದದ್ದು ಒಂದೇ ಬಟ್ಟೆಯಾಗಿ ಕೂಡಿಕೊಂಡಿತು. ಇನ್ನೊಂದು, ಬ್ರಿಟಿಷ್ ಕಲಾವಿದೆ ಕರ್ಸ್ಟಿ ಮೆಕ್ಲೌಡ್ 2009ರಲ್ಲಿ ಆರಂಭಿಸಿದ ಕೆಂಪು ಉಡುಪು. 51 ದೇಶಗಳ 380 ಜನ ಅದರ ಮೇಲೆ ಕಸೂತಿ ಹಾಕಿದ್ದಾರೆ. ಅದರ ರೇಷ್ಮೆ ಬಟ್ಟೆ ತುಂಡು ತುಂಡಾಗಿ ಲೋಕ ಸುತ್ತಿತು, ಉಡುಪಾಗಿ ಕೂಡಿದ್ದು ಆಮೇಲೆ. ಈ ಎರಡೂ ಯೋಜನೆಗಳಿಂದ ನಾನು ಕಲಿತದ್ದು ಒಂದೇ: ಕೆಲಸವನ್ನು ಸಮ ಅಳತೆಯ, ಬಿಚ್ಚಿ ತೆಗೆಯಬಹುದಾದ ತುಂಡುಗಳಾಗಿ ಒಡೆಯಿರಿ. ಮುಂದಿನ ಹೆಜ್ಜೆಗಳೆಲ್ಲ ಈ ತೀರ್ಮಾನದ ಮೇಲೆ ನಿಂತಿವೆ.

ಹೆಜ್ಜೆ 1: ಕೋಟಿಗೆ ಒಂದು ಪ್ರಶ್ನೆ ಕೊಡಿ

"ಏನು ಬೇಕಾದರೂ ಮಾಡಿ" ಎಂದರೆ ಬಹಳ ಜನಕ್ಕೆ ಕೈ ಓಡುವುದಿಲ್ಲ, ಅದರಲ್ಲೂ ತಮ್ಮನ್ನು ಕಲಾವಿದರೆಂದು ಅಂದುಕೊಳ್ಳದವರಿಗೆ. ಒಂದೇ ಒಂದು ಪ್ರಶ್ನೆ ಕೊಡಿ. ಎಂಟು ವರ್ಷದ ಮಗುವೂ ಎಂಬತ್ತರ ಅಜ್ಜಿಯೂ ಉತ್ತರಿಸುವಂಥದ್ದು ಇರಲಿ: "ನಿಮ್ಮನ್ನು ಬೆಚ್ಚಗಿಟ್ಟದ್ದು ಯಾವುದು?", "ನೀವು ಯಾರಿಗೆ ಬಾಗಿಲು ತೆರೆದಿರಿ?", "ನಿಮ್ಮ ಕೈಗೆ ಚೆನ್ನಾಗಿ ಗೊತ್ತಿರುವ ಕೆಲಸ ಯಾವುದು?" ಕೋಟು ಎಂಬ ವಸ್ತುವಿನ ಜೊತೆ ಪ್ರಶ್ನೆಗೆ ನಂಟಿದ್ದರೆ ಇನ್ನೂ ಒಳ್ಳೆಯದು. ಕೋಟು ಬೆಚ್ಚಗಿಡುತ್ತದೆ, ಅದಕ್ಕೆ ಜೇಬಿದೆ, ಬೇರೆಯವರ ಕೋಟು ತೊಟ್ಟರೆ ಅವರ ಮೈಯಳತೆ ನಮಗೆ ತಿಳಿಯುತ್ತದೆ.

ಜೊತೆಗೆ ಒಂದು ನಿಯಮ ಇರಲಿ, ಹಿಂದಿನವರ ಕೆಲಸವನ್ನು ಮುಂದಿನವರಿಗೆ ಬೆಸೆಯುವಂಥದ್ದು. ನನಗೆ ತುಂಬ ಹಿಡಿಸುವುದು ಪ್ಯಾರಿಸ್ಸಿನ ಆಟದ ಅಂಚಿನ ನಿಯಮ. ಪಕ್ಕದ ತುಂಡಿನಿಂದ ಒಂದು ಗೆರೆ, ಒಂದು ಬಣ್ಣ ಅಥವಾ ಒಂದು ಎಳೆ ದಾರವನ್ನು ನಿಮ್ಮ ತುಂಡಿಗೆ ಎಳೆದುಕೊಂಡೇ ಕೆಲಸ ಶುರು ಮಾಡಬೇಕು. ಇಷ್ಟು ಮಾಡಿದರೆ ಕೋಟು ಬಿಡಿ ಚಿತ್ರಗಳ ಗುಂಪಾಗದೆ ಒಂದು ಸಂಭಾಷಣೆ ಆಗುತ್ತದೆ. ಮುಖ್ಯವಾಗಿ, ಹೊಸಬರು ಹಿಂದಿನವರ ಕೆಲಸವನ್ನು ಹತ್ತು ನಿಮಿಷವಾದರೂ ಕೂತು ನೋಡುತ್ತಾರೆ.

ಹೆಜ್ಜೆ 2: ಕೋಟು ಆರಿಸುವುದು, ಸಿದ್ಧ ಮಾಡುವುದು

ದಪ್ಪ ಉಣ್ಣೆಯ ಓವರ್‌ಕೋಟು ನೋಡಲು ಗಂಭೀರವಾಗಿರುತ್ತದೆ, ಈ ಕೆಲಸಕ್ಕೆ ಬೇಡ. ಭಾರ ಹೆಚ್ಚು, ಸೂಜಿ ಇಳಿಯುವುದು ಕಷ್ಟ, ನುಸಿ ಹಿಡಿಯುತ್ತದೆ. ಪಾಲಿಯೆಸ್ಟರ್ ಬಟ್ಟೆಗೆ ಬಣ್ಣ ಸರಿಯಾಗಿ ಕಚ್ಚುವುದಿಲ್ಲ, ಇಸ್ತ್ರಿಯ ಕಾವಿಗೆ ಕುಗ್ಗುತ್ತದೆ. ಹತ್ತಿಯ ಡ್ರಿಲ್ (ಓರೆ ನೇಯ್ಗೆಯ ಗಟ್ಟಿ ಬಟ್ಟೆ) ಅಥವಾ ತೆಳು ಕ್ಯಾನ್ವಾಸ್ ಬಟ್ಟೆಯ, ಮೊಣಕಾಲಿನವರೆಗೆ ಬರುವ, ಸಡಿಲ ಅಳತೆಯ ಕೋಟು ಹುಡುಕಿ. ಬಟ್ಟೆಯ ತೂಕ ಚದರ ಮೀಟರಿಗೆ 250 ಗ್ರಾಂ ಆಸುಪಾಸಿನಲ್ಲಿದ್ದರೆ ಸೂಜಿಯೂ ಇಳಿಯುತ್ತದೆ, ತುಂಡುಗಳ ಭಾರವನ್ನೂ ಹೊರುತ್ತದೆ. ತಿಳಿ ಬಣ್ಣವಿದ್ದರೆ ಒಳ್ಳೆಯದು. ಹಳೆಯ ಕೋಟಾದರೂ ಆಗುತ್ತದೆ, ಹೊಲಿಸಿದರೂ ಆಗುತ್ತದೆ. ನನ್ನ ಒಲವು ಹಳೆಯದರ ಕಡೆಗೇ, ಯಾಕೆಂದರೆ ಹೊಸ ಕೋಟಿನ ಮೇಲೆ ಮೊದಲ ಹೊಲಿಗೆ ಹಾಕಲು ಜನ ಹೆದರುತ್ತಾರೆ.

ಯಾವುದೇ ಇರಲಿ, ಮೊದಲು ಬಿಸಿನೀರಿನಲ್ಲಿ ಒಗೆದು ಒಣಗಿಸಿ. ಹತ್ತಿ ಮೊದಲ ಒಗೆತಕ್ಕೆ ಕುಗ್ಗುತ್ತದೆ. ಆ ಕುಗ್ಗುವಿಕೆ ಕಸೂತಿ ಹಾಕಿದ ಮೇಲೆ ಆದರೆ ಬಟ್ಟೆ ಸುಕ್ಕುಗಟ್ಟಿ ಕೆಲಸವೆಲ್ಲ ಹಾಳು. ಆಮೇಲೆ ಕೋಟನ್ನು ಒಳಹೊರಗು ಮಾಡಿ, ಹೆಗಲಿನ ಹೊಲಿಗೆಯ ಉದ್ದಕ್ಕೂ, ಕತ್ತಿನ ಹಿಂಭಾಗಕ್ಕೂ ಹತ್ತಿಯ ಪಟ್ಟಿ ಇಟ್ಟು ಎರಡು ಸಾಲು ಹೊಲಿಯಿರಿ. ಮುಂದೆ ಸೇರುವ ಭಾರವೆಲ್ಲ ಹೆಗಲಿನ ಮೇಲೇ ಬೀಳುತ್ತದೆ. ಟೇಲರ್ ಹತ್ತಿರ ಮಾಡಿಸಿದರೂ ಸರಿ, ಈ ಬಲ ಇಲ್ಲದೆ ಕೋಟು ಹೊರಡಿಸಬೇಡಿ.

ಹೆಜ್ಜೆ 3: ತುಂಡುಗಳನ್ನು ಕೂರಿಸುವುದು

15 ಸೆಂ.ಮೀ. ಅಗಲ, 20 ಸೆಂ.ಮೀ. ಎತ್ತರದ ತುಂಡು ನನ್ನ ಲೆಕ್ಕದಲ್ಲಿ ಸರಿಯಾದ ಅಳತೆ. ಎರಡು ವಾರದ ಸಂಜೆಗಳಲ್ಲಿ ಒಬ್ಬರು ತುಂಬಿಸಬಹುದು, ಖಾಲಿ ಜಾಗ ಕಂಡು ಎದೆಗುಂದುವುದಿಲ್ಲ. ಸಡಿಲ ಕೋಟಿನ ಬೆನ್ನಿನಲ್ಲಿ 45 ಸೆಂ.ಮೀ. ಅಗಲ, 60 ಸೆಂ.ಮೀ. ಎತ್ತರದ ಜಾಗ ಸಿಕ್ಕರೆ ಅಲ್ಲಿ ಒಂಬತ್ತು ತುಂಡು. ಮುಂಭಾಗದ ಎರಡು ಪಕ್ಕಕ್ಕೆ ಮೂರು ಮೂರು, ತೋಳುಗಳಿಗೆ ಎರಡೆರಡು. ಒಟ್ಟು ಹತ್ತೊಂಬತ್ತು. ಇಪ್ಪತ್ತನೆಯದನ್ನು ಅಸ್ತರಿನ ಒಳಗೆ, ಎದೆಯ ಹತ್ತಿರ ಇಡಿ. ಯಾರಿಗಾದರೂ ಎಲ್ಲರೆದುರು ತೋರಿಸಲು ಮನಸ್ಸಿಲ್ಲದ ಮಾತು ಹೇಳಬೇಕೆನಿಸಿದರೆ ಅದಕ್ಕೊಂದು ಜಾಗ ಬೇಕು.

ಪ್ರತಿ ತುಂಡಿಗೂ ಸುತ್ತ 2 ಸೆಂ.ಮೀ. ಹೆಚ್ಚುವರಿ ಬಟ್ಟೆ ಬಿಟ್ಟು, ಅಂಚನ್ನು ಒಳಗೆ ಮಡಚಿ ಹೊಲಿಯಿರಿ. ಕೋಟಿಗೆ ಜೋಡಿಸಲು ಪ್ರೆಸ್ ಬಟನ್ ಬಳಸಿ: ನಾಲ್ಕು ಮೂಲೆಗೆ ನಾಲ್ಕು, ಉದ್ದದ ಎರಡು ಬದಿಯ ನಡುವೆ ಒಂದೊಂದು. ವೆಲ್ಕ್ರೋ ಸುಲಭ ಅನಿಸುತ್ತದೆ, ಆದರೆ ಅದರ ಒರಟು ಮುಖ ಕಸೂತಿಯ ಎಳೆಗಳನ್ನು ಕಚ್ಚಿ ಎಳೆದುಬಿಡುತ್ತದೆ. ಎರಡು ಮೂರು ಕೈ ದಾಟುವಷ್ಟರಲ್ಲಿ ಎಳೆಯೆಲ್ಲ ನಾರುನಾರು. ಪಿನ್ನಂತೂ ಬೇಡವೇ ಬೇಡ, ಪಾರ್ಸೆಲ್ ಬಿಚ್ಚುವವರ ಕೈಗೆ ಚುಚ್ಚುತ್ತದೆ. ಬಟನ್ ಬಡಿಯುವ ಮುನ್ನ ಕೋಟಿನ ಆ ಬಿಂದುವಿಗೆ ಒಳಗಿನಿಂದ ಚಿಕ್ಕ ತೇಪೆ ಹಾಕಿ, ಇಲ್ಲದಿದ್ದರೆ ಪ್ರತಿ ಸಲ ಬಿಚ್ಚುವಾಗಲೂ ಬಟ್ಟೆ ಹರಿಯುತ್ತದೆ. ತುಂಡಿನ ಹಿಂಬದಿಗೂ ಅದು ಕೂರುವ ಜಾಗಕ್ಕೂ ಒಂದೇ ಅಂಕಿಯನ್ನು ಅಳಿಯದ ಶಾಯಿಯಲ್ಲಿ ಬರೆಯಿರಿ.

ಇನ್ನು ತೂಕ. ಅಂತರರಾಷ್ಟ್ರೀಯ ಅಂಚೆಯಲ್ಲಿ ಸಣ್ಣ ಪೊಟ್ಟಣದ ಮಿತಿ 2 ಕೆ.ಜಿ. ಅದನ್ನು ದಾಟಿದರೆ ಪಾರ್ಸೆಲ್ ದರ, ಖರ್ಚು ಏರುತ್ತದೆ. ಕೋಟು 900 ಗ್ರಾಂ, ಇಪ್ಪತ್ತು ತುಂಡು ತಲಾ 40 ಗ್ರಾಂನಂತೆ 800, ಪುಸ್ತಕ ಮತ್ತು ಸೂಜಿ ಚೀಲಕ್ಕೆ 150. ಅಲ್ಲಿಗೆ 1,850 ಗ್ರಾಂ, ಪ್ಯಾಕಿಂಗ್‌ಗೆ ಉಳಿಯುವುದು 150 ಮಾತ್ರ. ಆದ್ದರಿಂದ "ಒಂದು ತುಂಡು 40 ಗ್ರಾಂ ಮೀರಬಾರದು" ಎಂಬುದನ್ನು ನಿಯಮವಾಗಿಯೇ ಬರೆಯಿರಿ. ದೇಶದೊಳಗೇ ಸುತ್ತುವ ಕೋಟಾದರೂ ಇದನ್ನು ಪಾಲಿಸಿ. ತೊಡಲಾಗದಷ್ಟು ಭಾರವಾದ ಕೋಟು ಆಮೇಲೆ ಗೋಡೆಗೆ ಮಾತ್ರ ಸರಿ.

ಹೆಜ್ಜೆ 4: ಜೇಬಿನಲ್ಲಿ ಏನಿರಬೇಕು

ಬಲಜೇಬಿನಲ್ಲಿ ಒಂದು ಚೀಲ: ದಪ್ಪ, ತೆಳು ಎರಡು ಸೂಜಿ, ನಾಲ್ಕು ಬಣ್ಣದ ದಾರ, ಬಟ್ಟೆಗೆ ಬರೆಯುವ ಪೆನ್ನು. ಸೂಜಿಯನ್ನು ಫೆಲ್ಟ್ ತುಂಡಿಗೆ ಚುಚ್ಚಿ ಮುಚ್ಚಿಡಿ. ಕತ್ತರಿ ಬೇಡ, ಅದು ಎಲ್ಲರ ಮನೆಯಲ್ಲೂ ಇರುತ್ತದೆ. ಮನೆಯಲ್ಲಿ ಹೊಲಿಗೆ ಸಾಮಾನು ಇಲ್ಲದವರೂ ಕೆಲಸ ಶುರು ಮಾಡಲು ಇಷ್ಟು ಸಾಕು.

ಎಡಜೇಬಿನಲ್ಲಿ ಪುಸ್ತಕ. ಅದನ್ನು ದಾರದಿಂದ ಜೇಬಿಗೇ ಕಟ್ಟಿ. ಪ್ರತಿಯೊಬ್ಬರಿಗೂ ಎರಡು ಪುಟ: ಒಂದರಲ್ಲಿ ಅವರಿಗೆ ಇಷ್ಟ ಬಂದದ್ದು, ಇನ್ನೊಂದರಲ್ಲಿ ಕೋಟು ಯಾವ ಸ್ಥಿತಿಯಲ್ಲಿ ಬಂತು ಎಂಬ ದಾಖಲೆ. ಮ್ಯೂಸಿಯಂಗಳು ವಸ್ತು ಸಾಗಿಸುವಾಗ ಎರಡೂ ಕಡೆ ಇಂಥ ಸ್ಥಿತಿ ವರದಿ ಬರೆಯುತ್ತವೆ. ಇಲ್ಲಿ ನಾಲ್ಕು ಸಾಲು ಸಾಕು: ಬಂದ ದಿನ, ಹೊರಟ ದಿನ, ಎಲ್ಲಿ ಹರಿದಿದೆ ಅಥವಾ ಸಡಿಲವಾಗಿದೆ, ನೀವು ಏನು ಸರಿಪಡಿಸಿದಿರಿ. ಕೊನೆಯ ಪ್ರಶ್ನೆ ಬಹಳ ಕೆಲಸ ಮಾಡುತ್ತದೆ. ಬೇರೆಯವರ ಸಡಿಲ ಗುಂಡಿಯನ್ನು ಬಿಗಿ ಮಾಡಿದವರು ಕೋಟನ್ನು ಕಪಾಟಿನಲ್ಲಿ ಮರೆಯುವುದು ಕಡಿಮೆ.

ಒಳಜೇಬಿನಲ್ಲಿ ಪತ್ರ. ಕಾಗದದ ಮೇಲೆ ಬರೆದರೆ ಕಳೆದುಹೋಗುತ್ತದೆ, ಬಟ್ಟೆಯ ಮೇಲೆ ಬರೆದು ಹೊಲಿದುಬಿಡಿ. ಹೀಗೆ ಬರೆಯಬಹುದು:

"ನಮಸ್ಕಾರ. ಈ ಕೋಟು ಎರಡು ವಾರ ನಿಮ್ಮ ಮನೆಯ ಅತಿಥಿ. ಮೊದಲು ತೊಟ್ಟು ನೋಡಿ. ಖಾಲಿ ಇರುವ ಒಂದು ತುಂಡು ನಿಮ್ಮದು. ಪಕ್ಕದ ತುಂಡಿನಿಂದ ಏನಾದರೊಂದನ್ನು ನಿಮ್ಮದಕ್ಕೆ ಮುಂದುವರಿಸಿ, ಆಮೇಲೆ ನಿಮ್ಮ ಉತ್ತರ ಬರೆಯಿರಿ, ಹೊಲಿಯಿರಿ ಅಥವಾ ಬಿಡಿಸಿ. ಬೇರೆಯವರ ತುಂಡಿನ ಮೇಲೆ ಏನೂ ಮಾಡಬೇಡಿ, ಹರಿದಿದ್ದರೆ ಮಾತ್ರ ಹೊಲಿದುಕೊಡಿ. ಸಮಯವಿಲ್ಲ ಅನಿಸಿದರೆ ಖಾಲಿಯಾಗಿಯೇ ಮುಂದೆ ಕಳಿಸಿ, ನಮಗೆ ಬೇಸರವಿಲ್ಲ."

ಕೊನೆಯ ವಾಕ್ಯವನ್ನು ಯಾವ ಕಾರಣಕ್ಕೂ ಬಿಡಬೇಡಿ. ಕೋಟು ತಡವಾಗುವುದು ಬಹುಪಾಲು ಸೋಮಾರಿತನದಿಂದಲ್ಲ, ಅಳುಕಿನಿಂದ. "ಚೆನ್ನಾಗಿ ಮಾಡಬೇಕು, ಇನ್ನೂ ಆಗಿಲ್ಲ" ಎಂಬ ಅಳುಕು ವಾರ ದಾಟಿದಂತೆ ಸಂಕೋಚವಾಗುತ್ತದೆ, ಸಂಕೋಚ ಮೌನವಾಗುತ್ತದೆ. ಖಾಲಿ ಕಳಿಸಲು ಮೊದಲೇ ಒಪ್ಪಿಗೆ ಇದ್ದರೆ ಆ ಗಂಟು ಬೀಳುವುದೇ ಇಲ್ಲ.

ಕಾಲರಿನ ಒಳಗೆ ಕೋಟಿನ ಗುರುತು: ಚಿಕ್ಕ ಸಂಖ್ಯೆ, ಒಂದು ಇಮೇಲ್, 3 ಸೆಂ.ಮೀ. ಚದರದ ಕ್ಯೂಆರ್ ಕೋಡ್. ಕ್ಯೂಆರ್ ಕೋಡಿನಲ್ಲಿ ತಪ್ಪು ತಿದ್ದುವ ಮಟ್ಟ ನಾಲ್ಕಿದೆ. ಅತಿ ಹೆಚ್ಚಿನದನ್ನು ಆರಿಸಿದರೆ ಸುಮಾರು ಶೇಕಡಾ 30ರಷ್ಟು ಭಾಗ ಮಾಸಿದರೂ ಓದಲು ಬರುತ್ತದೆ. ಬಟ್ಟೆ ಮಡಿಕೆಯಾಗುವುದರಿಂದ ಇದು ಅಗತ್ಯ. ಪುಕ್ಕಟೆ ಲಿಂಕ್ ಸೇವೆಗಳನ್ನು ನಂಬಬೇಡಿ, ಅವು ಮುಚ್ಚಿದರೆ ಕೋಟಿನ ಕೊಂಡಿ ಕಡಿಯುತ್ತದೆ. ಅಚ್ಚು ಹಾಕಿಸುವ ಮೊದಲು ಎರಡು ಮೂರು ಬೇರೆ ಬೇರೆ ಫೋನಿನಲ್ಲಿ, ಮಬ್ಬು ಬೆಳಕಿನಲ್ಲಿ ಪರೀಕ್ಷಿಸಿ.

ಹೆಜ್ಜೆ 5: ದಾರಿ ಹಾಕುವುದು

ಎಲ್ಲರ ಮನಸ್ಸಿಗೂ ಮೊದಲು ಬರುವುದು ಸರಪಳಿ: ಒಬ್ಬರಿಂದ ಇನ್ನೊಬ್ಬರಿಗೆ, ಇಪ್ಪತ್ತನೆಯವರಿಂದ ವಾಪಸ್ ನಿಮಗೆ. ಕೂತು ಒಂದು ಲೆಕ್ಕ ಮಾಡೋಣ. ಪ್ರತಿ ಸಲ ಕೈ ದಾಟುವಾಗ ಸರಿಯಾಗಿ ದಾಟುವ ಸಾಧ್ಯತೆ ಶೇಕಡಾ 95 ಎಂದಿಟ್ಟುಕೊಳ್ಳಿ. ಕೇಳಲು ಬಹಳ ಒಳ್ಳೆಯ ಅಂಕಿ. ಆದರೆ ಇಪ್ಪತ್ತು ಸಲ ದಾಟಿದರೆ 0.95ನ್ನು ಇಪ್ಪತ್ತು ಸಲ ಗುಣಿಸಬೇಕು, ಉತ್ತರ ಸುಮಾರು 0.36. ಅಂದರೆ ಕೋಟು ನಿಮ್ಮ ಮನೆಗೆ ತಿರುಗಿ ಬರುವ ಸಾಧ್ಯತೆ ಮೂರಕ್ಕೆ ಒಂದಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಶೇಕಡಾ 98 ಎಂದಿಟ್ಟುಕೊಂಡರೂ ಅದು 67ಕ್ಕೆ ನಿಲ್ಲುತ್ತದೆ. ಜನ ಕೆಟ್ಟವರೆಂದಲ್ಲ, ಸರಪಳಿ ಉದ್ದವಾದಷ್ಟೂ ಲೆಕ್ಕ ನಮ್ಮ ವಿರುದ್ಧ ತಿರುಗುತ್ತದೆ.

ಹಾಗಾಗಿ ಸುತ್ತುಗಳಾಗಿ ಒಡೆಯಿರಿ. ಐದು ಜನಕ್ಕೊಮ್ಮೆ ಕೋಟು ನಿಮ್ಮ ಬಳಿ ಬರಲಿ. ಬಂದಾಗ ತುಂಬಿದ ಐದು ತುಂಡುಗಳ ಫೋಟೋ ತೆಗೆದು, ಬಿಚ್ಚಿ, ಜೋಪಾನವಾಗಿ ಇಟ್ಟುಕೊಳ್ಳಿ. ಅವುಗಳ ಜಾಗದಲ್ಲಿ ಅದೇ ಅಳತೆಯ ಬಟ್ಟೆಯ ಮೇಲೆ ಮುದ್ರಿಸಿದ ಆ ತುಂಡುಗಳ ಚಿತ್ರ ಹಾಕಿ ಮತ್ತೆ ಹೊರಡಿಸಿ. ಆಗ ಮುಂದಿನವರಿಗೆ ಪಕ್ಕದ ಅಂಚು ಕಾಣುತ್ತದೆ. ಕೋಟೇ ಕಳೆದುಹೋದರೂ ಹೋಗುವುದು ಆ ಸುತ್ತಿನ ಕೆಲಸ ಮಾತ್ರ. ಇದಕ್ಕೆ ಕೆಲವರು ಆಕ್ಷೇಪ ಎತ್ತುತ್ತಾರೆ, ಅಸಲು ಕೆಲಸವನ್ನು ಮುಟ್ಟಿ ನೋಡುವ ಸುಖ ತಪ್ಪುತ್ತದೆ ಎಂದು. ಮಾತು ನಿಜ. ಹಾಗನಿಸಿದರೆ ಪ್ರತಿ ಸುತ್ತಿನಿಂದ ಒಂದು ಅಸಲು ತುಂಡನ್ನು, ಅದನ್ನು ಮಾಡಿದವರ ಒಪ್ಪಿಗೆ ಪಡೆದು, ಕೋಟಿನ ಮೇಲೇ ಬಿಡಿ.

ಕಾಲದ ಲೆಕ್ಕವನ್ನೂ ಮೊದಲೇ ಎಲ್ಲರಿಗೂ ಹೇಳಿ. ಕೆಲಸಕ್ಕೆ ಎರಡು ವಾರ, ಪ್ರಯಾಣಕ್ಕೆ ಒಂದು ವಾರ ಎಂದರೆ ಇಪ್ಪತ್ತು ಜನಕ್ಕೆ ಅರವತ್ತು ವಾರ. ವರ್ಷದ ಮೇಲೆ ಎರಡು ತಿಂಗಳು. ಕೊನೆಯವರ ಸರದಿ ಬರುವಷ್ಟರಲ್ಲಿ ಅವರು ಮನೆ ಬದಲಿಸಿರಬಹುದು, ಆಸಕ್ತಿಯೂ ತಣ್ಣಗಾಗಿರಬಹುದು. ಹೀಗಾಗಿ ಪೂರ್ತಿ ಪಟ್ಟಿಯನ್ನು ಮೊದಲೇ ಗಟ್ಟಿ ಮಾಡಬೇಡಿ, ಒಂದು ಸುತ್ತಿಗೆ ಐದು ಜನ, ಜೊತೆಗೆ ಇಬ್ಬರು ಕಾಯ್ದಿರಿಸಿದವರು ಇದ್ದರೆ ಸಾಕು.

ಹೆಜ್ಜೆ 6: ಜನ, ವಿಳಾಸ, ನಂಬಿಕೆ

ಕಲಾವಿದರನ್ನೇ ಹುಡುಕಿಕೊಂಡು ಹೋಗಬೇಡಿ. ಗ್ರಂಥಾಲಯ, ಶಾಲೆ, ವೃದ್ಧಾಶ್ರಮ, ಹೊಲಿಗೆ ಗುಂಪು, ಆಸ್ಪತ್ರೆಯ ಕಾಯುವ ಕೋಣೆ, ಇಲ್ಲೆಲ್ಲ ಕೋಟು ಎರಡು ವಾರ ನಿಂತರೆ ಒಂದು ತುಂಡಿನ ಮೇಲೆ ಹತ್ತು ಕೈ ಆಡುತ್ತವೆ. ಸಂಸ್ಥೆಯ ವಿಳಾಸಕ್ಕೆ ಕಳಿಸಿದರೆ ಯಾರ ಮನೆ ವಿಳಾಸವೂ ಹೊರಬೀಳುವುದಿಲ್ಲ ಎಂಬ ಲಾಭವೂ ಇದೆ. ಅಲ್ಲಿ ಕೋಟಿನ ಜವಾಬ್ದಾರಿ ಹೊರುವ ಒಬ್ಬರ ಹೆಸರು ನಿಮಗೆ ಗೊತ್ತಿರಲಿ. ಎಲ್ಲರದೂ ಎಂದರೆ ಯಾರದೂ ಅಲ್ಲ ಎಂದಾಗಿಬಿಡುತ್ತದೆ.

ಮನೆಗೇ ಕಳಿಸುವುದಾದರೆ, ಒಬ್ಬರ ವಿಳಾಸ ಅವರ ಹಿಂದಿನವರಿಗೆ ಮಾತ್ರ, ಅದೂ ಕಳಿಸುವ ಹೊತ್ತಿಗೆ ಮಾತ್ರ ಸಿಗಬೇಕು. ಪುಸ್ತಕದಲ್ಲಿ ವಿಳಾಸ ಬರೆಯುವಂತಿಲ್ಲ. ಪಾರ್ಸೆಲ್‌ನ ಫೋಟೋ ಹಾಕುವ ಉತ್ಸಾಹದಲ್ಲಿ ಮೇಲಿನ ಚೀಟಿ ಕಾಣದಂತೆ ನೋಡಿಕೊಳ್ಳಿ. ಕೋಟಿನೊಳಗೆ ಬ್ಲೂಟೂತ್ ಟ್ರ್ಯಾಕರ್ ಹೊಲಿದುಬಿಡೋಣ ಎಂಬ ಸಲಹೆ ಬಂದೇ ಬರುತ್ತದೆ, ಒಪ್ಪಬೇಡಿ. ಕೋಟು ಇರುವುದು ಯಾರದೋ ಮನೆಯಲ್ಲಿ, ಟ್ರ್ಯಾಕರ್ ತೋರಿಸುವುದು ಆ ಮನೆಯನ್ನು. ನಂಬಿ ಕಳಿಸಿದ ವಸ್ತುವಿನ ಜೊತೆ ಕಣ್ಣಿಡುವ ಯಂತ್ರವನ್ನೂ ಕಳಿಸುವುದು ನನಗಂತೂ ಸರಿ ಕಾಣುವುದಿಲ್ಲ. ಅಂಚೆಯ ಟ್ರ್ಯಾಕಿಂಗ್ ನಂಬರ್ ಸಾಕು.

ಖರ್ಚು ಯಾರದು? ಕಳಿಸುವವರು ಕೊಡಬೇಕು ಎಂಬುದು ರೂಢಿ, ಆದರೆ ಆ ಒಂದು ನಿಯಮದಿಂದಲೇ ದುಡ್ಡಿಲ್ಲದವರು ಹೊರಗುಳಿಯುತ್ತಾರೆ. ಮೊದಲೇ ಒಂದು ಸಣ್ಣ ನಿಧಿ ಕೂಡಿಸಿ, "ಅಂಚೆ ಖರ್ಚು ಬೇಕಾದರೆ ತಿಳಿಸಿ, ಕಾರಣ ಹೇಳಬೇಕಿಲ್ಲ" ಎಂದು ಬರೆಯಿರಿ. ನುರಿತ ಕಸೂತಿಗಾರರಿಂದ ಕೇಳಿ ಮಾಡಿಸಿಕೊಳ್ಳುವುದಾದರೆ ಕೂಲಿ ಕೊಡಿ. ಕೆಂಪು ಉಡುಪಿನ ಯೋಜನೆಯಲ್ಲಿ ಹಾಗೆ ಕೇಳಿ ಮಾಡಿಸಿದ ಕಸೂತಿಗೆ ಹಣ ಕೊಟ್ಟಿದ್ದಾರೆ. ಸಮುದಾಯದ ಕೆಲಸ ಎಂಬ ಮಾತು ಬಡವರ ದುಡಿಮೆಯನ್ನು ಪುಕ್ಕಟೆ ಮಾಡುವ ನೆಪ ಆಗಬಾರದು.

ಹೆಜ್ಜೆ 7: ಮಡಚಿ ಕಳಿಸುವುದು

ಬಣ್ಣ ಹಚ್ಚಿದ ತುಂಡು ಪೂರ್ತಿ ಒಣಗಬೇಕು. ಬಟ್ಟೆಯ ಬಣ್ಣಗಳಲ್ಲಿ ಹೆಚ್ಚಿನವಕ್ಕೆ ಇಸ್ತ್ರಿಯ ಕಾವು ಕೊಟ್ಟರಷ್ಟೇ ಅವು ನಿಲ್ಲುತ್ತವೆ, ಎಷ್ಟು ಹೊತ್ತು ಎಂಬುದು ಡಬ್ಬಿಯ ಮೇಲೆ ಇರುತ್ತದೆ. ಕಾವು ಕೊಡದ ಬಣ್ಣ ಮಡಿಕೆಯಲ್ಲಿ ಪಕ್ಕದ ತುಂಡಿಗೆ ಅಂಟುತ್ತದೆ. ಪ್ರತಿ ಮಡಿಕೆಯ ನಡುವೆ ಬಟರ್ ಪೇಪರ್ ಇಡಿ. ಕೋಟನ್ನು ಮುಖ ಒಳಗೆ ಬರುವಂತೆ ಮಡಚದೆ, ಅಸ್ತರು ಒಳಗೆ ಬರುವಂತೆ ಸಡಿಲವಾಗಿ ಸುತ್ತಿ. ಸುತ್ತಿದರೆ ಬಣ್ಣ ಬಿರುಕು ಬಿಡುವುದು ಕಡಿಮೆ. ಆಮೇಲೆ ನೀರು ಇಳಿಯದ ಚೀಲ, ಅದರ ಮೇಲೆ ಗಟ್ಟಿ ಪೆಟ್ಟಿಗೆ. ಒಳಗೂ ಒಂದು ಚೀಟಿ ಇರಲಿ, ಹೊರಗಿನದು ಕಿತ್ತುಹೋದರೆ ಅದೇ ದಿಕ್ಕು.

ಗಡಿ ದಾಟುವುದಾದರೆ ಅಂಚೆಯವರು ಸಿಎನ್22 ಅಥವಾ ಸಿಎನ್23 ಎಂಬ ಕಸ್ಟಮ್ಸ್ ಫಾರಂ ಕೊಡುತ್ತಾರೆ. "ಬಳಸಿದ ಹತ್ತಿ ಕೋಟು, ಕೈಕಸೂತಿ ಇದೆ, ಸಮುದಾಯ ಕಲಾಯೋಜನೆಗೆ, ಮಾರಾಟಕ್ಕಲ್ಲ" ಎಂದು ನೇರವಾಗಿ ಬರೆಯಿರಿ. ಬೆಲೆಯ ಜಾಗದಲ್ಲಿ ಸೊನ್ನೆ ಹಾಕಬೇಡಿ, ಅನುಮಾನ ಹುಟ್ಟಿಸುತ್ತದೆ. ಬಟ್ಟೆ ಮತ್ತು ಸಾಮಾನಿನ ನಿಜ ಬೆಲೆ ಬರೆಯಿರಿ. ಸುಂಕ ಬಿದ್ದರೆ ಅದನ್ನು ನಿಧಿಯಿಂದ ಕೊಡುವಿರೆಂದು ಪಡೆಯುವವರಿಗೆ ಮೊದಲೇ ಹೇಳಿ, ಇಲ್ಲದಿದ್ದರೆ ಅವರು ಪೆಟ್ಟಿಗೆ ಬಿಡಿಸಿಕೊಳ್ಳದೆ ಹಾಗೇ ಬಿಡಬಹುದು. ಗರಿ, ಚರ್ಮ, ಬೀಜ, ಮಣ್ಣು, ಒಣಗಿದ ಎಲೆ ಹೊಲಿಯಬೇಡಿ ಎಂದು ಪತ್ರದಲ್ಲೇ ಸೇರಿಸಿ. ಹಲವು ದೇಶಗಳಲ್ಲಿ ಕೋಟನ್ನು ತಡೆಹಿಡಿಯಲು ಅಷ್ಟು ಸಾಕು. ಮಿಣುಕು ದೀಪ ಇಡುವವರು ಬ್ಯಾಟರಿ ತೆಗೆದು ಕಳಿಸಲಿ, ಲಿಥಿಯಂ ಬ್ಯಾಟರಿಗೆ ವಿಮಾನ ಸಾಗಣೆಯಲ್ಲಿ ಬಿಗಿ ನಿಯಮಗಳಿವೆ.

ಇನ್ನೊಂದು ವಿಷಯ ಮಾತಾಡಲು ಮುಜುಗರ, ಆದರೆ ಮಾತಾಡಲೇಬೇಕು: ನುಸಿ ಮತ್ತು ತಿಗಣೆ. ಮನೆಯಿಂದ ಮನೆಗೆ ಬಟ್ಟೆ ಓಡಾಡಿದರೆ ಇವೂ ಓಡಾಡಬಲ್ಲವು. ಪ್ರತಿ ಸುತ್ತು ಮುಗಿದು ಕೋಟು ನಿಮ್ಮ ಬಳಿ ಬಂದಾಗ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹೊರಗೆ ಹಾಕಿ ಮುಚ್ಚಿ, ಮೈನಸ್ 18 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಿ. ಮ್ಯೂಸಿಯಂಗಳು ಬಟ್ಟೆಯ ಹುಳುಗಳಿಗೆ ಅನುಸರಿಸುವುದೂ ಇದೇ ದಾರಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಬಿಚ್ಚಿದರೆ ಬಟ್ಟೆಯ ಮೇಲೆ ತೇವ ಕೂರುತ್ತದೆ. ತಣ್ಣಗಿರುವಾಗ ಅಕ್ರಿಲಿಕ್ ಬಣ್ಣ ಪೆಡಸಾಗಿರುತ್ತದೆ, ಮಡಚಿದರೆ ಸೀಳುತ್ತದೆ.

ಹೆಜ್ಜೆ 8: ಕೋಟು ನಿಂತಾಗ, ಜಗಳ ಬಂದಾಗ

ಎರಡು ವಾರ ಕಳೆದ ಮೂರನೆಯ ದಿನ ಮೊದಲ ಸಂದೇಶ ಕಳಿಸಿ. "ಯಾವಾಗ ಕಳಿಸುತ್ತೀರಿ?" ಎಂದು ಕೇಳಬೇಡಿ. "ಕೋಟು ಹೇಗಿದೆ? ಏನಾದರೂ ನೆರವು ಬೇಕೇ?" ಎಂದು ಕೇಳಿ. ಉತ್ತರ ಬರದಿದ್ದರೆ ವಾರದ ನಂತರ ಫೋನ್ ಮಾಡಿ, ಪೆಟ್ಟಿಗೆ ತೆಗೆದುಕೊಂಡು ಹೋಗಲು ನನ್ನ ಖರ್ಚಿನಲ್ಲೇ ಕೊರಿಯರ್ ಕಳಿಸುತ್ತೇನೆ ಎನ್ನಿ. ಅಂಚೆ ಕಚೇರಿಗೆ ಹೋಗುವ ಕೆಲಸವನ್ನೇ ತೆಗೆದುಹಾಕಿದರೆ ಎಷ್ಟೋ ಗಂಟು ತಾನಾಗಿ ಬಿಚ್ಚಿಕೊಳ್ಳುತ್ತದೆ. ತಡ ಮಾಡಿದವರ ಹೆಸರನ್ನು ಎಲ್ಲರೆದುರು ಎತ್ತಬೇಡಿ. ನಾಚಿಕೆಪಟ್ಟವರು ಕೋಟು ಹಿಂತಿರುಗಿಸುವುದು ಇನ್ನೂ ಕಷ್ಟ.

ಯಾರಾದರೂ ದ್ವೇಷದ ಮಾತನ್ನೋ ಅವಮಾನಿಸುವ ಚಿತ್ರವನ್ನೋ ಸೇರಿಸಿದರೆ? ಮುಂದಿನವರು ಅದರ ಮೇಲೆ ಬಣ್ಣ ಬಳಿಯಬಾರದು, ಕತ್ತರಿಸಬಾರದು. ಆ ತುಂಡನ್ನು ಬಿಚ್ಚಿ ಲಕೋಟೆಯಲ್ಲಿ ನಿಮಗೆ ಕಳಿಸಲಿ. ನೀವು ಕಾರಣ ಬರೆದು, ಮಾಡಿದವರಿಗೇ ಅದನ್ನು ಹಿಂತಿರುಗಿಸಿ. ತುಂಡುಗಳನ್ನು ಬಿಚ್ಚುವಂತೆ ಮಾಡಿದ್ದರ ದೊಡ್ಡ ಲಾಭ ಇಲ್ಲಿ ಕಾಣುತ್ತದೆ: ಒಬ್ಬರ ಕೆಲಸ ತೆಗೆಯಲು ಇನ್ನೊಬ್ಬರದನ್ನು ಹಾಳು ಮಾಡಬೇಕಿಲ್ಲ. ಕೋಪ, ದುಃಖ, ಕಟು ಸತ್ಯಗಳನ್ನು ದ್ವೇಷದ ಲೆಕ್ಕಕ್ಕೆ ಹಾಕಬೇಡಿ. ಚೆಂದ ಕಾಣದ ತುಂಡನ್ನಂತೂ ತೆಗೆಯಲೇಬೇಡಿ. ಸೊಟ್ಟ ಹೊಲಿಗೆ ಹಾಕಿದವರಿಗೂ ಸೂಕ್ಷ್ಮ ಕಸೂತಿ ಹಾಕಿದವರಿಗೂ 15 ಸೆಂ.ಮೀ. ಅಗಲವೇ ಸಿಕ್ಕಿರುವುದು.

ಹೆಜ್ಜೆ 9: ಹಕ್ಕು ಮತ್ತು ಫೋಟೋ

ಪುಸ್ತಕದ ಪ್ರತಿ ಪುಟದ ಕೆಳಗೆ ಮೂರು ಚೌಕ: ಹೆಸರು ಹಾಕಬಹುದೇ, ಫೋಟೋ ಪ್ರಕಟಿಸಬಹುದೇ, ಯೋಜನೆ ಮುಗಿದ ಮೇಲೆ ತುಂಡು ವಾಪಸ್ ಬೇಕೇ. ತುಂಡಿನ ಕೃತಿಸ್ವಾಮ್ಯ ಮಾಡಿದವರದೇ ಆಗಿರಲಿ, ಚಿತ್ರ ಬಳಸಲು ನಿಮಗೆ ಒಪ್ಪಿಗೆ ಸಾಕು. ಲಾಭಕ್ಕಾಗಿ ಬಳಸುವಂತಿಲ್ಲ ಎಂಬ ಷರತ್ತಿನ ಕ್ರಿಯೇಟಿವ್ ಕಾಮನ್ಸ್ ಪರವಾನಗಿ (ಕೃತಿಯನ್ನು ಬೇರೆಯವರು ಹೇಗೆ ಬಳಸಬಹುದು ಎಂದು ಮಾಡಿದವರೇ ಮೊದಲೇ ತಿಳಿಸುವ ಸಿದ್ಧ ಒಪ್ಪಿಗೆ ಪತ್ರ) ಇಂಥ ಯೋಜನೆಗೆ ಹೊಂದುತ್ತದೆ. ಮಕ್ಕಳ ಮುಖ ಇರುವ ಫೋಟೋಗೆ ಪೋಷಕರ ಲಿಖಿತ ಒಪ್ಪಿಗೆ ಬೇಕು. ಕೋಟು ತೊಟ್ಟವರನ್ನು ಬೆನ್ನಿನಿಂದ ತೆಗೆದರೆ ಮುಖದ ಪ್ರಶ್ನೆಯೇ ಬರುವುದಿಲ್ಲ, ಒಂಬತ್ತು ತುಂಡುಗಳೂ ಒಟ್ಟಿಗೆ ಕಾಣುತ್ತವೆ.

ಹೆಜ್ಜೆ 10: ಕೋಟು ತುಂಬಿದ ಮೇಲೆ

ಇದನ್ನು ಮೊದಲ ದಿನವೇ ತೀರ್ಮಾನಿಸಿ ಪತ್ರದಲ್ಲಿ ಬರೆದಿರಬೇಕು. ಮಾರುವ ಯೋಚನೆ ಇದ್ದರೆ ಯಾರೂ ಸೂಜಿ ಎತ್ತುವ ಮುನ್ನವೇ ಅವರಿಗೆ ಅದು ಗೊತ್ತಿರಬೇಕು, ಹಣ ಹೇಗೆ ಹಂಚಿಕೆಯಾಗುತ್ತದೆ ಎಂಬುದೂ ಗೊತ್ತಿರಬೇಕು.

ಪ್ರದರ್ಶನಕ್ಕೆ ಇಡುವುದಾದರೆ ಎಲ್ಲ ತುಂಡುಗಳನ್ನು ಅಂಕಿಯ ಪ್ರಕಾರ ಜೋಡಿಸಿ, ಬಟನ್ ಜೊತೆಗೆ ಅಂಚಿಗೆ ಕಚ್ಚಾ ಹೊಲಿಗೆಯನ್ನೂ ಹಾಕಿ. ತೆಳು ತಂತಿಯ ಹ್ಯಾಂಗರ್ ಹೆಗಲನ್ನು ಹರಿಯುತ್ತದೆ, ಹತ್ತಿ ತುಂಬಿ ದಪ್ಪ ಮಾಡಿದ ಹ್ಯಾಂಗರ್ ಬೇಕು. ಮ್ಯೂಸಿಯಂಗಳು ಬಟ್ಟೆಗೆ 50 ಲಕ್ಸ್‌ಗಿಂತ (ಲಕ್ಸ್ ಎಂದರೆ ಬೆಳಕಿನ ಅಳತೆ) ಹೆಚ್ಚು ಬೆಳಕು ಬೀಳದಂತೆ ನೋಡಿಕೊಳ್ಳುತ್ತವೆ. ನೀವು ಕನಿಷ್ಠ ಕಿಟಕಿಯ ಬಿಸಿಲಿನಿಂದ ದೂರ ಇಡಿ, ಬಣ್ಣದ ದಾರಗಳು ಬಿಸಿಲಿಗೆ ಮಾಸುತ್ತವೆ. ಹೆಸರು ಹಾಕಲು ಒಪ್ಪಿದ ಎಲ್ಲರ ಪಟ್ಟಿಯನ್ನು ಕೋಟಿನ ಪಕ್ಕದಲ್ಲೇ, ಒಂದೇ ಗಾತ್ರದ ಅಕ್ಷರದಲ್ಲಿ ತೂಗುಹಾಕಿ. ನಿಮ್ಮ ಹೆಸರೂ ಅದರೊಳಗೇ ಇರಲಿ, ಮೇಲೆ ಬೇಡ. ಸಾಧ್ಯವಾದರೆ ಒಂದು ದಿನ ಎಲ್ಲರನ್ನೂ ಕರೆಯಿರಿ, ದೂರದವರಿಗೆ ವಿಡಿಯೊ ಕರೆ ಮಾಡಿ. ತಮ್ಮ ತುಂಡಿನ ಪಕ್ಕದಲ್ಲಿ ಹೊಲಿದವರನ್ನು ಭೇಟಿಯಾಗಬೇಕೆಂಬ ಆಸೆ ಜನರಿಗೆ ಬಹಳ ಇರುತ್ತದೆ.

ಪ್ರದರ್ಶನ ಮುಗಿದ ಮೇಲೆ ತುಂಡು ವಾಪಸ್ ಕೇಳಿದವರಿಗೆ ಅದನ್ನು ಬಿಚ್ಚಿ ಕಳಿಸಿ, ಜೊತೆಗೆ ಪೂರ್ತಿ ಕೋಟಿನ ಎರಡೂ ಬದಿಯ ಫೋಟೋ ಇಡಿ. ಖಾಲಿಯಾದ ಜಾಗಕ್ಕೆ ಆ ತುಂಡಿನ ಮುದ್ರಿತ ಚಿತ್ರ ಹಾಕಿ. ಬೇಡವೆಂದವರ ತುಂಡುಗಳ ಸಮೇತ ಕೋಟನ್ನು, ಅದಕ್ಕೆ ಜಾಗ ಕೊಡಲು ಒಪ್ಪುವ ಗ್ರಂಥಾಲಯಕ್ಕೋ ಸಮುದಾಯ ಭವನಕ್ಕೋ ಒಪ್ಪಿಸಿ. ಒಪ್ಪಿಸುವಾಗ ಒಂದು ಷರತ್ತು ಬರೆದುಕೊಡಿ: ಕೋಟು ಗಾಜಿನ ಪೆಟ್ಟಿಗೆಯಲ್ಲಿದ್ದರೂ ವರ್ಷಕ್ಕೊಮ್ಮೆ ಹೊರಗೆ ತೆಗೆದು, ನೋಡಲು ಬಂದವರಿಗೆ ತೊಡಲು ಕೊಡಬೇಕು, ಆಮೇಲೆ ಎಡಜೇಬಿನ ಪುಸ್ತಕದಲ್ಲಿ ಸ್ಥಿತಿಯನ್ನು ದಾಖಲಿಸಬೇಕು. ಅದಕ್ಕೆ ಬೇಕಾದ ಖಾಲಿ ಪುಟಗಳನ್ನು ಈಗಲೇ ಸೇರಿಸಿ ಹೊಲಿದಿಡಿ.